ಹೆಣ್ಮಕ್ಕಳು, ಎಲ್ಲಾ ಜಾತಿಯವರು ಕೂಡಿ ರುದ್ರ ಹೇಳಬಹುದೇನ್ರೀ? ಶಾಸ್ತ್ರದಾಗ ಖರೇ ಏನೈತಿ?

ಸಪ್ತಾಪುರದ ಸೊಸಿ
ಎಲ್ಲಾರಿಗೂ ಶರಣು. ಧಾರವಾಡದಾಗ ನಮ್ಮ ಬಡಾವಣಿ ಈಶ್ವರನ ಗುಡಿಯೊಳಗ ಸೋಮವಾರ ಸಂಜೀಕ ಭಜನಿ ನಡೀತೈತಿ. ಈ ಶ್ರಾವಣಕ್ಕ ಭಜನಿ ಜೋಡಿ ರುದ್ರನೂ (ಯಜುರ್ವೇದದಾಗ ಬರೋ ಶಿವನ ಮಂತ್ರ) ಕಲಿಯೋಣು ಅಂತ ಹೆಣ್ಮಕ್ಕಳು ಮಾತಾಡಿಕೊಂಡ್ವಿ. ಮಂಡಳಿಯೊಳಗ ಎಲ್ಲಾ ಜಾತಿಯವರೂ ಅದೀವಿ. ಗುಡಿ ಕಮಿಟಿಯ ಹಿರಿಯರೊಬ್ಬರು, "ಲಲಿತಾ ಸಹಸ್ರನಾಮ ಬೇಕಾದಷ್ಟು ಹೇಳ್ರಿ, ರುದ್ರ ಮಾತ್ರ ಬ್ಯಾಡ. ಶಾಸ್ತ್ರದಾಗ ನಿಷೇಧ ಐತಿ, ಹೆಣ್ಮಕ್ಕಳು ಹೇಳಿದ್ರ ಗರ್ಭಕ್ಕ ತ್ರಾಸ ಆಗತೈತಿ" ಅಂದ್ರು. ಯಾವ ಶಾಸ್ತ್ರರೀ ಅಂತ ಕೇಳಿದ್ರ "ಎಲ್ಲಾ ಶಾಸ್ತ್ರದಾಗೂ" ಅಂತ ಎದ್ದು ಹೋದ್ರು. ನನಗ ಬೈದಾಟ ಬ್ಯಾಡ. ಗ್ರಂಥದ ಹೆಸರು ಹಿಡಿದು ಹೇಳೋರು ಯಾರರೆ ಇದ್ರ ಹೇಳ್ರಿ.

ಗಿರ್ಮಿಟ್ ಮಿರ್ಚಿ
ಅಕ್ಕಾರ, ಮುಂಜಾನೆದ್ದು ಯೂಟ್ಯೂಬ್‌ನ್ಯಾಗ ರುದ್ರ ಹಚ್ಚಿದ್ರ ಇಡೀ ಓಣಿ ಕೇಳತೈತಿ. ಕೇಳಿದವರ ಕಿವಿಗೆಲ್ಲಾ ಸೀಸ ಹೊಯ್ಯೋದಂದ್ರ ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿ ಅಂಗಡಿ ಎಲ್ಲಾ ಬಳದ್ರೂ ಸಾಲೂದಿಲ್ಲ.

ಮಾಳಮಡ್ಡಿ ಕಾಕಾ
ಮಿರ್ಚಿ ಅವರು ಚ್ಯಾಷ್ಟಿ ಮಾಡ್ಯಾರ, ಆದ್ರ ಆ ಮಾತು ಗ್ರಂಥದಾಗ ಅದ. ನಿಷೇಧ ಇಲ್ಲೇ ಇಲ್ಲಾ ಅನ್ನಲಿಕ್ಕೆ ಬರಂಗಿಲ್ಲ ನೋಡವಾ ತಂಗಿ. ಮೊದಲು ಅದನ್ನ ಇದ್ದದ್ದು ಇದ್ದಂಗ ಇಡತೇನಿ, ಆಮ್ಯಾಲೆ ಎಲ್ಲಾರೂ ಜಗಳ ಆಡ್ರಿ.

ಗೌತಮ ಧರ್ಮಸೂತ್ರದ 12ನೇ ಅಧ್ಯಾಯದಾಗ, ವೇದ ಕೇಳಿದ ಶೂದ್ರನ ಕಿವಿಗೆ ಸೀಸ, ಅರಗು ತುಂಬಬೇಕು ಅಂತ ಬರತದ. ಬ್ರಹ್ಮಸೂತ್ರದ ಒಂದನೇ ಅಧ್ಯಾಯ, ಮೂರನೇ ಪಾದ, 34ರಿಂದ 38ರ ತನಕ ಅಪಶೂದ್ರಾಧಿಕರಣ, ಅಂದ್ರ ಶೂದ್ರಗ ವೇದದ ಅಧಿಕಾರ ಇಲ್ಲಾ ಅನ್ನೋ ಭಾಗ. ಶಂಕರರು, ರಾಮಾನುಜರು, ಮಧ್ವರು ಉಳಿದದ್ದರಾಗ ಒಬ್ಬರ ಮಾತು ಒಬ್ಬರು ಒಪ್ಪಂಗಿಲ್ಲ. ಇಲ್ಲಿ ಮೂರೂ ಮಂದಿ ಒಂದೇ ಕಡೆ ಕೂತಾರ. ಉಪನಯನ ಇಲ್ಲದವಗ ವೇದಾಧ್ಯಯನ ಇಲ್ಲ, ಅಧ್ಯಯನ ಇಲ್ಲದವಗ ವೈದಿಕ ಕರ್ಮದಾಗ ಅಧಿಕಾರ ಇಲ್ಲ. ಇಷ್ಟೇ ತರ್ಕ. ಹೆಣ್ಮಕ್ಕಳ ಬಗ್ಗೆ ಮನುಸ್ಮೃತಿ 2.66: ಅವರ ಸಂಸ್ಕಾರ ಮಂತ್ರ ಇಲ್ಲದೇ ಮಾಡಬೇಕು. ಮುಂದಿನ ಶ್ಲೋಕದಾಗ, ಮದುವಿನೇ ಅವರಿಗೆ ಉಪನಯನ ಇದ್ದಂಗ ಅಂತಾನ. ಭಾಗವತ 1.4.25ರಾಗ ಸ್ತ್ರೀಯರು, ಶೂದ್ರರು, ದ್ವಿಜಬಂಧುಗಳು, ಈ ಮೂವರ ಕಿವಿಗೆ ವೇದ ಬೀಳಂಗಿಲ್ಲ, ಅದಕ್ಕ ವ್ಯಾಸರು ಕರುಣಾ ಮಾಡಿ ಭಾರತ ಬರೆದ್ರು ಅಂತ ಅದ.

ಇನ್ನೊಂದು ಮಾತು. ಅದೇ ಅಧಿಕರಣದ ಭಾಷ್ಯದಾಗ ಶಂಕರರು ವಿದುರ, ಧರ್ಮವ್ಯಾಧರ ಹೆಸರು ಹೇಳಿ, ಇತಿಹಾಸ-ಪುರಾಣ ಕೇಳಿ ಜ್ಞಾನ ಪಡೀಲಿಕ್ಕೆ ನಾಲ್ಕೂ ವರ್ಣಕ್ಕ ಅಧಿಕಾರ ಅದ ಅಂತಾರ. ಅಂದ್ರ ಮೋಕ್ಷದ ಬಾಗಿಲಕ್ಕ ಕೀಲಿ ಹಾಕಿಲ್ಲ.

ಮತ್ತ ಗರ್ಭಕ್ಕ ತ್ರಾಸ ಅನ್ನೋದು ನಾ ಹೇಳಿದ ಈ ಯಾವ ವಾಕ್ಯದಾಗೂ ಇಲ್ಲ. ಅದನ್ನ ಯಾರೋ ಕಟ್ಟ್ಯಾರ.

ಹಾವೇರಿ ಬಡಿಗೇರ
ಕಾಕಾರ, ನಿಮ್ಮ ವಿದ್ವತ್ತಿಗೆ ಕೈ ಮುಗೀತೀನಿ. ಆದ್ರ ಚರ್ಚಾ ನಡದಿದ್ದು ರುದ್ರದ ಬಗ್ಗೆ. ಹಂಗಾರ ರುದ್ರದ ಒಳಗ ಏನೈತಿ ಅಂತ ಒಮ್ಮೆ ನೋಡೋಣಲ್ರೀ?

ನಾಲ್ಕನೇ ಅನುವಾಕ, ಅಂದ್ರ ನಾಲ್ಕನೇ ಭಾಗ: "ನಮಸ್ತಕ್ಷಭ್ಯೋ ರಥಕಾರೇಭ್ಯಶ್ಚ ವೋ ನಮಃ". ಬಡಿಗ್ಯಾಗ ನಮಸ್ಕಾರ, ರಥ ಮಾಡಾಂವಗ ನಮಸ್ಕಾರ. ಅದರ ಬೆನ್ನಿಗೆ ಕುಂಬಾರಗ, ಕಮ್ಮಾರಗ, ನಿಷಾದಗ, ಬೇಟೆ ನಾಯಿ ಹಿಡಿದಾಂವಗ. ಅದಕ್ಕೂ ಮದಲ ಕಳ್ಳರ ನಾಯಕಗೂ ನಮಸ್ಕಾರ ಐತಿ. ಇನ್ನ ಮದಲನೇ ಅನುವಾಕದಾಗ, ಈ ರುದ್ರನ್ನ ಕಂಡವರು ಯಾರು ಅಂದ್ರ ದನಕಾಯೋರು, ನೀರು ಹೊರೋ ಹೆಣ್ಮಕ್ಕಳು. "ಉತೈನಂ ಗೋಪಾ ಅದೃಶನ್ನದೃಶನ್ನುದಹಾರ್ಯಃ".

ನಮ್ಮಪ್ಪ ತೇರಿನ ಗಾಲಿ ಕೆತ್ತೋ ಮನುಷ್ಯ. ನನಗ ನಮಸ್ಕಾರ ಮಾಡೋ ಮಂತ್ರ ನಾ ಹೇಳಬಾರದಂತ. ಕೊಡದ ಹೆಣ್ಮಗಳ ಕಣ್ಣಿಗೆ ಬಿದ್ದ ದೇವರು ಆಕಿ ನಾಲಿಗಿಗೆ ಬೀಳಬಾರದಂತ. ಇದು ಹೆಂಗ ಕೂಡತೈತಿ ಹೇಳ್ರಿ.

ಇನ್ನೊಂದು. ಯಜ್ಞಕರ್ಮದ ವಿಚಾರ ಮಾಡೋ ಮೀಮಾಂಸಾ ಗ್ರಂಥ ಜೈಮಿನಿ ಸೂತ್ರ, ಅದರ ಆರನೇ ಅಧ್ಯಾಯದ ಮದಲನೇ ಪಾದ ಪೂರಾ ಇದೇ ವಿಷಯ. ಅಲ್ಲೇ "ವರ್ಷಾಸು ರಥಕಾರ ಆದಧೀತ" ಅನ್ನೋ ವಾಕ್ಯ ಹಿಡಿದು, ರಥಕಾರ ಮೂರು ವರ್ಣದಾಂವ ಅಲ್ಲದಿದ್ರೂ ಮಳಿಗಾಲದಾಗ ಅಗ್ನ್ಯಾಧಾನ (ಯಜ್ಞದ ಬೆಂಕಿ ಸ್ಥಾಪನಾ) ಮಾಡಬಹುದು ಅಂತ ತೀರ್ಮಾನ ಮಾಡ್ಯಾರ. ಅದರ ಮುಂದ ನಿಷಾದರ ಮುಖಂಡ ಸ್ವತಃ ರುದ್ರನಿಗೆ ಇಷ್ಟಿ (ಸಣ್ಣ ಯಜ್ಞ) ಮಾಡಬಹುದು ಅಂತೈತಿ. ಮಂತ್ರ ಇಲ್ಲದ ಇಷ್ಟಿ ಎಲ್ಲೈತ್ರೀ? ನಮ್ಮ ವಿಶ್ವಕರ್ಮರ ಮನ್ಯಾಗ ಜನಿವಾರ, ಗಾಯತ್ರಿ ಎರಡೂ ಅದಾವು. ಯಾರನ್ನೂ ಕೇಳಿ ಹಾಕ್ಕೊಂಡಿಲ್ಲ.

ಮಾಳಮಡ್ಡಿ ಕಾಕಾ
ಬಡಿಗೇರರೇ, ಮೀಮಾಂಸಾ ಓದೀರಿ, ಸಂತೋಷ. ಆದ್ರ ಪೂರ್ತಿ ಹೇಳ್ರಿ. ಆ ಎರಡೂ ಕಡೆ ಅಧಿಕಾರ ಆಯಾ ಕರ್ಮಕ್ಕ ಮಾತ್ರ, ಅದಕ್ಕ ಬೇಕಾದಷ್ಟು ಮಂತ್ರಕ್ಕ ಮಾತ್ರ. ಶ್ರುತಿ ಸ್ಪಷ್ಟ ಹೇಳಿದಲ್ಲಿ ಬಾಯಿ ಮುಚ್ಚಬೇಕು, ಉಳಿದಲ್ಲಿ ಸಾಮಾನ್ಯ ನಿಯಮ. ನಮಸ್ಕಾರ ಮಾಡಿಸಿಕೊಳ್ಳೋದು ಬ್ಯಾರೆ, ಹೇಳೋ ಅಧಿಕಾರ ಬ್ಯಾರೆ. ರುದ್ರದಾಗ ಗಿಡಕ್ಕೂ ನಮಸ್ಕಾರ ಅದ.

ಹಾವೇರಿ ಬಡಿಗೇರ
ಗಿಡಕ್ಕ ನಾಲಿಗಿ ಇಲ್ರೀ ಕಾಕಾ.

ಗದಗ ಮಾಸ್ತರ
ಬಡಿಗೇರರು ಆರನೇ ಅಧ್ಯಾಯ ತೆಗೆದಿದ್ದು ಒಳ್ಳೆಯದಾಯಿತು. ಅದೇ ಪಾದದಲ್ಲಿ ಬಾದರಿ ಎಂಬ ಆಚಾರ್ಯರ ಮತವೂ ದಾಖಲಾಗಿದೆ: ಎಲ್ಲರಿಗೂ ಅಧಿಕಾರವಿದೆ ಎಂದು. ಜೈಮಿನಿ ಅದನ್ನು ಒಪ್ಪುವುದಿಲ್ಲ, ನಿಜ. ಆದರೆ "ಎಲ್ಲಾ ಶಾಸ್ತ್ರದಾಗೂ" ಎಂದವರಿಗೆ ಇದು ಉತ್ತರ. ನಿಷೇಧದ ಮೂಲಗ್ರಂಥದೊಳಗೇ ಒಬ್ಬ ಆಚಾರ್ಯ ಎದ್ದು ನಿಂತು ಬೇಡವೆಂದಿದ್ದಾನೆ.

ಹೆಣ್ಣುಮಕ್ಕಳ ವಿಷಯ ನೋಡಿ. ಐತಿಶಾಯನ ಎಂಬವರು ಯಜ್ಞಾಧಿಕಾರ ಗಂಡಸಿಗಷ್ಟೇ ಎಂದರು. ಸೂತ್ರಕಾರರು ಬಾದರಾಯಣರ ಹೆಸರು ಹೇಳಿ ಅದನ್ನು ತಳ್ಳಿಹಾಕಿ, ಹೆಣ್ಣಿಗೂ ಅಧಿಕಾರವಿದೆ ಎಂದರು; ಗಂಡನೊಡನೆ ಕೂಡಿ ಮಾಡಬೇಕು ಎಂಬ ಕಟ್ಟು ಇಟ್ಟು. ಸ್ಮೃತಿಗಳಲ್ಲಿ ಹಾರೀತನ ಮಾತು ಪ್ರಸಿದ್ಧ: ಹೆಂಗಸರು ಎರಡು ಬಗೆ, ಬ್ರಹ್ಮವಾದಿನಿಯರು (ವೇದ ಓದುವವರು) ಮತ್ತು ಸದ್ಯೋವಧುಗಳು (ನೇರ ಮದುವೆಯಾಗುವವರು), ಮೊದಲಿನವರಿಗೆ ಉಪನಯನ, ಅಗ್ನಿಕಾರ್ಯ, ವೇದಾಧ್ಯಯನ, ತಮ್ಮ ಮನೆಯಲ್ಲೇ ಭಿಕ್ಷೆ. ಇದನ್ನು ಉದ್ಧರಿಸಿ ಚರ್ಚಿಸಿದವರಲ್ಲಿ ಪರಾಶರ ಮಾಧವೀಯದ ಮಾಧವಾಚಾರ್ಯರೂ ಇದ್ದಾರೆ. ನಮ್ಮ ವಿಜಯನಗರದವರು, 14ನೇ ಶತಮಾನ.

ಋಗ್ವೇದದ ಮಾತಂತೂ ಬೇರೆಯೇ. ಘೋಷೆಯ ಹೆಸರಿನಲ್ಲಿ ಹತ್ತನೇ ಮಂಡಲದ 39, 40ನೇ ಸೂಕ್ತಗಳಿವೆ. ವಿಶ್ವವಾರೆಯದು 5.28. ಇಂದು ಪುರೋಹಿತರು ಎಲ್ಲ ದೇವೀಪೂಜೆಯಲ್ಲೂ ಹೇಳುವ ದೇವೀಸೂಕ್ತ, 10.125, ವಾಗಾಂಭೃಣಿಯದು. ಮದುವೆ ಮಂತ್ರಗಳ ಮೂಲವಾದ 10.85ರ ಋಷಿಕೆ ಸೂರ್ಯಾ. ಹೆಣ್ಣು ಕಂಡ ಮಂತ್ರ ಹೇಳಿ ಹೆಣ್ಣಿನ ಮದುವೆ ಮಾಡಿಸಿ, ಅದು ನಿನ್ನ ಬಾಯಲ್ಲಿ ಬರಬಾರದು ಎನ್ನುವುದಕ್ಕೆ ಬಹಳ ಗಟ್ಟಿ ಎದೆ ಬೇಕು. ಹಾಗೆಯೇ ಐತರೇಯ ಬ್ರಾಹ್ಮಣದ ಕವಷ ಐಲೂಷ. ದಾಸೀಪುತ್ರ ಎಂದು ಸರಸ್ವತೀ ತೀರದ ಯಜ್ಞದಿಂದ ಹೊರಗೆ ನೂಕಿ ಮರುಭೂಮಿಯಲ್ಲಿ ಬಿಟ್ಟರು. ಅಲ್ಲಿ ಅವನು ಋಗ್ವೇದ 10.30 ಕಂಡ. ನದಿ ಅವನ ಸುತ್ತ ಹರಿದು ಬಂತು, ನೂಕಿದವರೇ ಹಿಂದೆ ಓಡಿ ಕರೆತಂದರು.

ಮಾಳಮಡ್ಡಿ ಕಾಕಾ
ಮಾಸ್ತರ್ರ, ಹಾರೀತನ ಮಾತಿಗೆ ಆ ಮಾಧವರೇ ಯಮನ ವಚನ ಜೋಡಸ್ತಾರ: ಮುಂಜಿ ಇದ್ದದ್ದು "ಪುರಾಕಲ್ಪೇ", ಹಿಂದಿನ ಕಲ್ಪದಾಗ. ಈ ಕಲಿಯುಗಕ್ಕ ಅಲ್ಲ. ನಮ್ಮ ಮಧ್ವಾಚಾರ್ಯರ ಬ್ರಹ್ಮಸೂತ್ರ ಭಾಷ್ಯದ ಮೊದಲನೇ ಸೂತ್ರದಾಗೂ ಉತ್ತಮಸ್ತ್ರೀಯರಿಗೆ ವೈದಿಕದಾಗ ಅಧಿಕಾರ ಅದ ಅಂತ ವಚನ ಉದಾಹರಿಸ್ಯಾರ. ಉದಾಹರಣಿ ಯಾರು? ಊರ್ವಶಿ, ಯಮಿ, ಶಚಿ. ಸಪ್ತಾಪುರದಾಗ ಶಚೀದೇವಿ ಇದ್ರ ಅವರು ಹೇಳಲಿ. ಅದೇ ಕಡೆ, ಅಂತ್ಯಜ ಇದ್ರೂ ಭಕ್ತ ಇದ್ದಾಂವಗ ಹರಿನಾಮದ ಜ್ಞಾನಕ್ಕ ಅಧಿಕಾರ ಅದ ಅಂತನೂ ಬರತದ, ಅದನ್ನೂ ಮರೀಬ್ಯಾಡ್ರಿ.

ಹುಬ್ಬಳ್ಳಿ ವಿದ್ಯಾನಗರ ಮಾಣಿ
ಕಾಕಾ, ಸಿಟ್ಟಾಗಬ್ಯಾಡ್ರಿ, ನಾನೂ ನಿಮ್ಮವನ. ಪುಣೆದಾಗ ಸಾಫ್ಟ್‌ವೇರ್ ಕೆಲಸ. ನಂದು ಮುಂಜಿವಿ ಆಗಿದ್ದು ಲಗ್ನದ ಹಿಂದಿನ ದಿನ, ಅದೇ ಕಾರ್ಯಾಲಯದಾಗ, ಅದೇ ಅಡಿಗಿಯವರ ಊಟ. ಮನು 2.38ರಾಗ ಬ್ರಾಹ್ಮಣಗ 16, ಕ್ಷತ್ರಿಯಗ 22, ವೈಶ್ಯಗ 24 ವರ್ಷ ಮುಂಜಿವಿ ಇಲ್ಲದ ದಾಟಿದ್ರ ಸಾವಿತ್ರಿ (ಗಾಯತ್ರಿ) ಕಳಕೊಂಡು ವ್ರಾತ್ಯ, ಅಂದ್ರ ಸಂಸ್ಕಾರ ತಪ್ಪಿದಾಂವ ಆಗತಾನ ಅಂತ ಅದ ಅಲ್ಲ? ಲಗ್ನದ ವಯಸ್ಸಿಗೆ ನಾ ಯಾವಾಗೋ ವ್ರಾತ್ಯ. ಮ್ಯಾಲೆ 2.168: ವೇದ ಬಿಟ್ಟು ಬ್ಯಾರೆ ಕಡೆ ದುಡಿಯೋ ದ್ವಿಜ ಬದುಕಿದ್ದಾಗನ ಶೂದ್ರ ಆಗತಾನ, ವಂಶ ಸಮೇತ. ಜಾವಾ ಕೋಡ್ ಬರೆಯೋದು ವೇದಾಧ್ಯಯನ ಅಲ್ಲ ಅಂತ ನಾ ತಿಳದೇನಿ. ನೀವ ಹೇಳಿದ ಭಾಗವತದ ಶ್ಲೋಕದಾಗ ದ್ವಿಜಬಂಧು ಅಂತ ಬಂತಲ್ಲ, ಹುಟ್ಟಿನಿಂದ ಅಷ್ಟೇ ದ್ವಿಜ ಅನ್ನಿಸಿಕೊಂಡಾಂವ, ಅದು ಸಾಕ್ಷಾತ್ ನಾನ. ಆದ್ರ ಆ ಗುಡಿಗೆ ನಾ ಹೋಗಿ ಮೊಬೈಲ್ ನೋಡಿ ತಪ್ಪು ತಪ್ಪು ರುದ್ರ ಹೇಳಿದ್ರ ಯಾರೂ ತಡಿಯಂಗಿಲ್ಲ, ಪ್ರಸಾದ ಕೊಟ್ಟು ಕಳಸ್ತಾರ. ಈ ವೈನಿ ಕಲಿತು ಹೇಳತೇನಿ ಅಂದ್ರ ಶಾಸ್ತ್ರ ಅಡ್ಡ ಬರತದ. ನಿಯಮ ಇದ್ರ ಎಲ್ಲಾರಿಗೂ ಹಚ್ಚಬೇಕಲ್ಲಾ?

ಗಿರ್ಮಿಟ್ ಮಿರ್ಚಿ
ಮಾಣಿ ಒಬ್ಬನ ಕೂತು ಗುಡಿ ಅರ್ಧಾ ಖಾಲಿ ಮಾಡಿಸಿದ.

ಮಾಳಮಡ್ಡಿ ಕಾಕಾ
ಅದಕ್ಕ ವ್ರಾತ್ಯ ಪ್ರಾಯಶ್ಚಿತ್ತ ಅದ. ನಿಮ್ಮ ಮುಂಜಿವ್ಯಾಗ ಭಟ್ಟರು ಮಾಡಿಸಿರತಾರ, ನೀವು ಫೋಟೋದವನ ಕಡೆ ನೋಡತಿರತೀರಿ.

ಗದಗ ಮಾಸ್ತರ
ಕಾಕಾ, ಆ ಪ್ರಾಯಶ್ಚಿತ್ತ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1674ರಲ್ಲಿ ರಾಯಗಡದಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕ. ಅವರು ಕ್ಷತ್ರಿಯರಲ್ಲ, ವೈದಿಕ ಅಭಿಷೇಕ ಸಲ್ಲದು ಎಂಬ ತಕರಾರು ಎದ್ದಿತು. ಕಾಶಿಯ ಗಾಗಾ ಭಟ್ಟರು ಬಂದು ನಾಲ್ವತ್ತು ದಾಟಿದ ರಾಜನಿಗೆ ಪ್ರಾಯಶ್ಚಿತ್ತ ಮಾಡಿಸಿ, ಮುಂಜಿ ಮಾಡಿ, ಪಟ್ಟ ಕಟ್ಟಿದರು. ಅದೇ ವಂಶದ ಕೊಲ್ಹಾಪುರದ ಶಾಹೂ ಮಹಾರಾಜರಿಗೆ ಇನ್ನೂರು ವರ್ಷಗಳ ಮೇಲೆ ಏನಾಯಿತು? ಪಂಚಗಂಗೆಯ ಸ್ನಾನಕ್ಕೆ ಅವರ ಪುರೋಹಿತ ವೇದೋಕ್ತ ಬಿಟ್ಟು ಪುರಾಣೋಕ್ತ ಮಂತ್ರ ಹೇಳಿದ. ನೀವು ಶೂದ್ರರು, ನಿಮಗೆ ಇಷ್ಟೇ ಎಂದ. ವೇದೋಕ್ತ ಪ್ರಕರಣ ಎಂದು ಅದು ಇಡೀ ಮುಂಬಯಿ ಪ್ರಾಂತದಲ್ಲಿ ಗದ್ದಲವಾಯಿತು. ಆಗ ಧಾರವಾಡವೂ ಮುಂಬಯಿ ಪ್ರಾಂತವೇ. ಬ್ರಾಹ್ಮಣೇತರ ಚಳವಳಿಗೆ ಅದು ಕಿಡಿ. ಸಿಂಹಾಸನ ಬೇಕಾದಾಗ ದಾರಿ ಸಿಗುತ್ತದೆ, ನದಿಯಲ್ಲಿ ಮುಳುಗು ಹಾಕುವಾಗ ಸಿಗುವುದಿಲ್ಲ. ಶಾಸ್ತ್ರಕ್ಕಿಂತ ಅದನ್ನು ಹಿಡಿದ ಕೈ ಯಾರದು ಎಂದು ನೋಡಬೇಕಾಗುತ್ತದೆ.

ಬೆಟಗೇರಿ ಮಗ್ಗ
ಯಜುರ್ವೇದದಾಗ "ಯಥೇಮಾಂ ವಾಚಂ ಕಲ್ಯಾಣೀಮ್" ಅಂತ ಐತಲ್ರೀ, ಬ್ರಾಹ್ಮಣ, ಕ್ಷತ್ರಿಯ, ಶೂದ್ರ, ವೈಶ್ಯ ಎಲ್ಲಾರಿಗೂ ಈ ಮಾತು ಹೇಳತೀನಿ ಅಂತ? ಆರ್ಯಸಮಾಜದವರು ಅದನ್ನ ತೋರಿಸಿ ಎಲ್ಲಾರಿಗೂ ಗಾಯತ್ರಿ ಕೊಡತಾರ. ನಾವು ದೇವಾಂಗದವರು ಹೆಂಗೂ ಜನಿವಾರ ಹಾಕೋರು, ಹಂಪಿ ಹೇಮಕೂಟದಾಗ ನಮ್ಮ ಮಠದ ಹೆಸರ ಗಾಯತ್ರಿ ಪೀಠ.

ಮಾಳಮಡ್ಡಿ ಕಾಕಾ
ಶುಕ್ಲ ಯಜುರ್ವೇದ 26.2. ಹಂಗ ಅರ್ಥ ಮಾಡಿದವರು ದಯಾನಂದರು. ಹಳೇ ಭಾಷ್ಯಕಾರ ಮಹೀಧರರ ಪ್ರಕಾರ ಅದು ಯಜಮಾನನ ಮಾತು: ಕೊಡ್ರಿ, ಉಣ್ಣ್ರಿ ಅಂತ ಎಲ್ಲಾರಿಗೂ ಹೇಳೋ ಒಳ್ಳೇ ಮಾತು. ವೇದ ಹೇಳಿಕೊಡೋ ಸುದ್ದಿ ಅಲ್ಲಿಲ್ಲ.

ಉಣಕಲ್ ಕೆರಿ ದಂಡಿ
ಇಷ್ಟೊತ್ತು ಸುಮ್ನ ಓದಿದೆ. ನಮ್ಮವ್ವಗ ಅಯ್ಯನೋರು (ಜಂಗಮರು) ಲಿಂಗಧಾರಣ ಮಾಡಿ ಕಿವ್ಯಾಗ ಪಂಚಾಕ್ಷರಿ ಹೇಳ್ಯಾರ. ದಿನಾ ಅಂಗೈಯಾಗ ಲಿಂಗ ಹಿಡಿದು ಜಪ ಮಾಡತಾಳ. ಮುಟ್ಟಿನ ದಿನಾನೂ ಬಿಡಾಕಿಲ್ಲ, ಲಿಂಗಕ್ಕ ಸೂತಕ ಇಲ್ಲ ಅಂತಾಳ. ಆ "ನಮಃ ಶಿವಾಯ" ಇರೋದು ಎಲ್ಲಿ? ತೈತ್ತಿರೀಯ ಸಂಹಿತಾದ ನಾಲ್ಕನೇ ಕಾಂಡ, ಐದನೇ ಪ್ರಶ್ನ, ಎಂಟನೇ ಅನುವಾಕ. ಅಂದ್ರ ರುದ್ರದ ನಟ್ಟ ನಡುವ. "ನಮಃ ಶಿವಾಯ ಚ ಶಿವತರಾಯ ಚ". ರುದ್ರದ ತಿರುಳು ಎಂಟ್ನೂರು ವರ್ಷದಿಂದ ನಮ್ಮ ಹೆಣ್ಮಕ್ಕಳ ಬಾಯಾಗೈತಿ. ಹುಬ್ಬಳ್ಳಿ ಸಿದ್ಧಾರೂಢಜ್ಜ, 1929ರಾಗ ಲಿಂಗೈಕ್ಯ ಆದವರು, ಬಂದವರಿಗೆಲ್ಲಾ ಜಾತಿ ಕೇಳದ "ಓಂ ನಮಃ ಶಿವಾಯ" ಕೊಟ್ರು. ಓಂಕಾರ ಸಮೇತ. ಆಗಮದಾಗ ಹೆಂಗಸರಿಗೆ ಓಂ ಬಿಟ್ಟು ಹೇಳಬೇಕು ಅನ್ನೋ ಕಟ್ಟಳಿ ಇದ್ದ ಕಾಲದಾಗ. ಯಾರ ಗರ್ಭಕ್ಕ ಏನಾತು?

ಆದ್ರ ನಮ್ಮ ಕಡಿನೂ ಒಂದು ಮಾತು ಹೇಳಬೇಕು. ನಮ್ಮ ಮನಿ ವಾಸ್ತುಶಾಂತಿಗೆ ರುದ್ರಾಭಿಷೇಕ ಮಾಡೋರು ಯಾರು? ಅಯ್ಯನೋರ. ಅಯ್ಯಾಚಾರ (ಜಂಗಮ ದೀಕ್ಷಾ) ಆಗೋದೂ ಅವರ ಮನಿ ಹುಡುಗರಿಗ. ಪಂಚಾಕ್ಷರಿ ಎಲ್ಲಾರಿಗೂ ಕೊಟ್ವಿ, ರುದ್ರ ಮತ್ತ ಒಂದು ಮನಿತನದ ಕೈಯಾಗ ಇಟ್ವಿ. ಬ್ರಾಹ್ಮಣರಿಗೆ ಅಂದು ನಾವು ಪಾರಾಗಂಗಿಲ್ಲ.

ರಾಯರ ಮಠದ ಓಣಿ
ನಾ ಹೆಣ್ಮಗಳ, ನನಗ ರುದ್ರ ಬ್ಯಾಡ. ಲಕ್ಷ್ಮೀ ಶೋಭಾನ ಬರತದ, ದಾಸರ ಪದ ಬರತಾವ, ಅದರಾಗ ನನಗ ಎಲ್ಲಾ ಅದ. ಗಂಡಸರ ಹತ್ರ ಇದ್ದದ್ದೆಲ್ಲಾ ನಮಗೂ ಬೇಕು ಅನ್ನೋದು ಯಾಕೋ ತಿಳೀವಲ್ದು. ನಮ್ಮ ಹಾಡು ಕಲೀತೀವಿ ಅಂತ ಯಾವ ಭಟ್ಟರೂ ಬಂದಿಲ್ಲಲ್ಲಾ.

ಸಪ್ತಾಪುರದ ಸೊಸಿ
ಬ್ಯಾಡ ಅನ್ನೋದು ನಿಮ್ಮ ಇಚ್ಛಾ ಅಕ್ಕಾರ, ಅದಕ್ಕ ಯಾರ ತಕರಾರೂ ಇಲ್ಲ. ನಮ್ಮ ಮಂಡಳಿಯೊಳಗೂ ಕೆಲವರು ಒಲ್ಲೆ ಅಂದಾರ. ಬೇಕು ಅಂದವರಿಗೆ ಬ್ಯಾಡ ಅನ್ನೋದು ಬ್ಯಾರೆ.

ನೀಲಿ ಅಂಗಿ ಹಾವೇರಿ
ಸೊಸಿ ಅವರ, ಎಲ್ಲಾ ಜಾತಿಯವರು ಅದೀವಿ ಅಂದ್ರಿ. ನಮ್ಮ ಕೇರಿಯವರು ಅದಾರೇನು? ಅಥವಾ ಎಲ್ಲಾ ಅಂದ್ರ ಮ್ಯಾಲಿನ ಎಲ್ಲಾ? ಯಾಕ ಕೇಳತೀನಿ ಅಂದ್ರ, ಇಲ್ಲಿ ಎಲ್ಲಾರೂ ಶ್ಲೋಕದ ನಂಬರು ಹಾಕಾಕ ಹತ್ತ್ಯಾರ. ನಮಗ ನಿಷೇಧ ಬಂದಿದ್ದು ಗೌತಮನ ಪುಸ್ತಕದಿಂದ ಅಲ್ಲ, ಗುಡಿ ಮೆಟ್ಟಿಲ ಮ್ಯಾಲ ನಿಂತ ಮನುಷ್ಯಾನಿಂದ. ನಮ್ಮ ಕಡೆ ಕಥಿ ಐತಿ ನೋಡ್ರಿ. ಕಾಗಿನೆಲಿ ಕನಕಪ್ಪ ವ್ಯಾಸರಾಯರ ಹತ್ರ ಮಂತ್ರ ಕೇಳಾಕ ಹೋದಾಗ, ನಿನಗೇನು ಮಂತ್ರ, "ಕೋಣ" ಅನ್ನು ಹೋಗು ಅಂದ್ರಂತ. ಆಂವ ಅದನ್ನ ಜಪಿಸಿದ, ಯಮನ ಕೋಣ ಬಂದು ನಿಂತು, ಯಾರ ಕೈಯಾಗೂ ಆಗದ ಕೆರಿ ಬಂಡೆಗಲ್ಲು ಸರಿಸ್ತಂತ. ಎಲ್ಲಾರೂ ಇದನ್ನ ಭಕ್ತಿ ಕಥಿ ಅಂತ ಹೇಳತಾರ. ನಾ ಕೇಳೋದು, ಮದಲ ಕೋಣ ಅಂದಿದ್ದು ಯಾಕ?

ಸಪ್ತಾಪುರದ ಸೊಸಿ
ಅದಾರ್ರೀ. ಸಂಖ್ಯಾ ಹೇಳಿ ದೊಡ್ಡಸ್ತಿಕಿ ತೋರಸೂದಿಲ್ಲ, ಕಮ್ಮಿನ ಅದಾರ. ಒಬ್ಬಾಕಿ ಭಜನ್ಯಾಗ ಮದಲ ಹೇಳೋಕಿ, ಆಕಿ ಎತ್ತಿದ ಮ್ಯಾಲ ನಾವು ಹಿಂದ ಹೇಳೋದು. ನಿಮ್ಮ ಪ್ರಶ್ನಿಗೆ ನನ್ನ ಹತ್ರ ಉತ್ತರ ಇಲ್ಲ, ನೀವು ಕೇಳಿದ್ದು ಖರೇ.

ಕಳಸದ ದಾರಿ
ನೀಲಿ ಅಂಗಿ ಅಣ್ಣಾರ, ನಿಮ್ಮ ಜಿಲ್ಲಾದ್ದ ಇನ್ನೊಂದು ಹೇಳತೀನಿ. ಕಳಸದ ಗೋವಿಂದಭಟ್ಟರು ಸ್ಮಾರ್ತ ಬ್ರಾಹ್ಮಣರು. ಶಿಶುನಾಳದ ಶರೀಫ ಮುಸಲ್ಮಾನರ ಹುಡುಗ. ಭಟ್ಟರು ಆತಗ ಜನಿವಾರ ಹಾಕಿದ್ರು, ಶರೀಫಜ್ಜ ಅದರ ಮ್ಯಾಲ ಪದಾನೂ ಕಟ್ಯಾನ. ಮಠದ ಗುರುವಲ್ಲ, ಪೀಠದ ಅಪ್ಪಣಿ ಇಲ್ಲ, ಊರು ಬೈದ್ರೂ ಬಿಡಲಿಲ್ಲ. ಅಪಶೂದ್ರಾಧಿಕರಣ ಗೋವಿಂದಭಟ್ಟರಿಗೆ ಗೊತ್ತಿರಲಿಲ್ಲ ಅಂತೀರೇನು ಕಾಕಾ?

ಮಾಳಮಡ್ಡಿ ಕಾಕಾ
ಅವಧೂತರಿಗೆ ವಿಧಿ-ನಿಷೇಧ ಇಲ್ಲಪಾ. ನಾವು ಅವಧೂತರಲ್ಲ, ಪಿಂಚಣಿಯವರು.

ಪಾಠಶಾಲೆ ಹುಡುಗ
ನಾನು ಕೃಷ್ಣ ಯಜುರ್ವೇದ ಕ್ರಮಾಂತ (ಕ್ರಮಪಾಠದವರೆಗೆ) ಓದಿದವನು. ಅಧಿಕಾರದ ಜಗಳದಲ್ಲಿ ಸ್ವರವನ್ನು ಎಲ್ಲರೂ ಮರೆತಿದ್ದೀರಿ. ಉದಾತ್ತ, ಅನುದಾತ್ತ, ಸ್ವರಿತ ಎಂಬ ಮೂರು ಸ್ವರಗಳನ್ನು ಬಿಟ್ಟರೆ ಅದು ರುದ್ರವಲ್ಲ, ರುದ್ರದ ಸಾಹಿತ್ಯ ಅಷ್ಟೆ. ತ್ವಷ್ಟೃ ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ಹೋಮ ಮಾಡಿ "ಇಂದ್ರಶತ್ರು" ಎನ್ನುವಾಗ ಸ್ವರ ತಪ್ಪಿದ. ಇಂದ್ರನೇ ಮಗನನ್ನು ಕೊಂದ. ಶಿಕ್ಷಾಗ್ರಂಥಗಳು ಎಚ್ಚರಿಸಲು ಹೇಳುವ ಕಥೆ ಇದು. ತ್ವಷ್ಟೃ ದೇವಶಿಲ್ಪಿ, ಅವನ ಅಧಿಕಾರವನ್ನು ಯಾರೂ ಪ್ರಶ್ನಿಸಲಿಲ್ಲ, ಆದರೂ ಕೆಟ್ಟಿತು. ಗುರು ಒಂದು ಸಲ, ಶಿಷ್ಯ ಎರಡು ಸಲ ಎಂದು ಸಂಥಾ ಹೇಳಿ ಕಲಿಯುವ ಪದ್ಧತಿ ಇರುವುದೇ ಅದಕ್ಕೆ. ಪುಣೆಯ ಜ್ಞಾನ ಪ್ರಬೋಧಿನಿ ವರ್ಷಗಳಿಂದ ಹೆಣ್ಣುಮಕ್ಕಳಿಗೆ ಪೌರೋಹಿತ್ಯ ಕಲಿಸುತ್ತಿದೆ. ಸಾಕೋರಿಯ ಉಪಾಸನಿ ಮಹಾರಾಜರ ಆಶ್ರಮದಲ್ಲಿ ಕನ್ಯೆಯರೇ ವೇದಪಾಠ ಮಾಡುತ್ತಾರೆ. ಮಾಣಿ ಅವರು ಪುಣೆಯಲ್ಲೇ ಇದ್ದಾರೆ, ಹೋಗಿ ಕೇಳಿ ಬರಲಿ, ಆಮೇಲೆ ಮಾತಾಡೋಣ.

ಅಂದಹಾಗೆ ಕಾಯ್ದೆ ಏನನ್ನುತ್ತದೆ ಎಂದು ಕೇಳುವವರಿಗೆ: 2002ರ ಆದಿತ್ಯನ್ ಪ್ರಕರಣದಲ್ಲಿ, ಪೂಜಾವಿಧಿ ಕಲಿತು ಅರ್ಹನಾದ ಬ್ರಾಹ್ಮಣೇತರನನ್ನು ಕೇರಳದ ಗುಡಿಯಲ್ಲಿ ಅರ್ಚಕನನ್ನಾಗಿ ನೇಮಿಸಿದ್ದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲೂ ಪ್ರಶ್ನೆ ಕಲಿತಿದ್ದಾನೋ ಇಲ್ಲವೋ ಎಂಬುದಾಗಿತ್ತು.

ಸಪ್ತಾಪುರದ ಸೊಸಿ
ಹುಡುಗಪ್ಪಾ, ನೀ ಕಲಸ್ತೀಯೇನು?

ಪಾಠಶಾಲೆ ಹುಡುಗ
ನನ್ನ ಗುರುಗಳನ್ನು ಕೇಳದೆ ಹೂಂ ಎನ್ನಲಾರೆ. ಅವರು ಬೇಡ ಎಂದರೆ ಬೇರೆಯವರ ದಾರಿ ತೋರಿಸುತ್ತೇನೆ. ಯಾರ ಹತ್ತಿರ ಕಲಿತರೂ ಎಂಟನೇ ಅನುವಾಕದಿಂದ ಶುರು ಮಾಡಿ. "ನಮಃ ಶಿವಾಯ" ಬಾಯಿಗೆ ಪರಿಚಯ ಇರುವುದರಿಂದ ಸ್ವರ ಬೇಗ ಕೂರುತ್ತದೆ. ರುದ್ರದ ಜೊತೆ ಹೇಳುವ ಚಮಕಕ್ಕೆ ಈ ಶ್ರಾವಣಕ್ಕೆ ಆಸೆ ಪಡಬೇಡಿ.

ನಿರ್ವಾಹಕ
ಜಾತಿ ಹೆಸರು ಹಿಡಿದು ಬೈದ ಎರಡು ಉತ್ತರ ತೆಗೆದೀವಿ. ಉಳಿದದ್ದು ನಡೀಲಿ.

ಸಪ್ತಾಪುರದ ಸೊಸಿ
ಅಮಾಸಿ ಮರುದಿನ ಕಮಿಟಿ ಮೀಟಿಂಗ್ ಐತಿ. ನಿಷೇಧ ಇಲ್ಲಾ ಅಂತ ನಾ ಸುಳ್ಳು ಹೇಳೂದಿಲ್ಲ. ಐತಿ, ಆದ್ರ ಅದು ಉಪನಯನ, ಅಧ್ಯಯನ ಎರಡೂ ಇಲ್ಲದ ಎಲ್ಲಾರಿಗೂ ಐತಿ, ಕಮಿಟಿಯವರಿಗೂ ಸೇರಿ ಅಂತ ಹೇಳಾಕಿ. ಬಾದರಿ ಮತಾನೂ ಓದಿ ತೋರಸಾಕಿ. ಕಾಕಾರ, ನೀವು ನಮ್ಮ ವಿರುದ್ಧ ಅದೀರಿ ಅಂತ ಗೊತ್ತೈತಿ. ಆದ್ರ ಜೈಮಿನಿ ಆರನೇ ಅಧ್ಯಾಯ ಅರ್ಥ ಸಮೇತ ಎಲ್ಲಿ ಸಿಗತೈತಿ ಹೇಳತೀರೇನು?

ಮಾಳಮಡ್ಡಿ ಕಾಕಾ
ನಾ ಒಪ್ಪಿಲ್ಲ, ಒಪ್ಪಂಗೂ ಇಲ್ಲ. ಆದ್ರ ಗರ್ಭದ ಮಾತು ಯಾರರೆ ಮತ್ತ ಎತ್ತಿದ್ರ, ಅದು ಸೂತ್ರದಾಗಿಲ್ಲ, ಸ್ಮೃತಿಯೊಳಗ ತೋರಿಸ್ರಿ ಅಂತ ನನ್ನ ಹೆಸರಿಲೆ ಕೇಳವಾ. ಪುಸ್ತಕ ನನ್ನ ಹತ್ರ ಅದ, ಜೈಮಿನಿ ಸೂತ್ರಕ್ಕ ಶಬರರು ಬರೆದ ಶಾಬರ ಭಾಷ್ಯದ್ದು. ರಟ್ಟು ಹರದದ, ಜ್ವಾಕಿ. ಜೆರಾಕ್ಸ್ ಮಾಡಿಸಿಕೊಂಡು ಅವತ್ತೇ ಸಂಜೀಕ ವಾಪಸ್ ತಂದು ಕೊಡಬೇಕು.